ಬಿತ್ತಿದ ದಿನವೂ ಕಾಳಿನ ಗುಣವೂ



ಇತ್ತೀಚೆಗೆ ಅಕ್ಕಲಕೋಟೆಯ ಸಂತೆಯಲ್ಲಿ ಒಬ್ಬ ತಾಯಿ ನನ್ನನ್ನು ನಿಲ್ಲಿಸಿ ಒಂದು ಪ್ರಶ್ನೆ ಕೇಳಿದರು. ಅವರ ಮಾತಿನಲ್ಲೇ ಹೇಳುತ್ತೇನೆ. "ಅಣ್ಣಾರ, ಸೋಯಾಬೀನ್ ತಡಾ ಮಾಡಿ ಬಿತ್ತಿದ್ರ ಕಾಳಿನ್ಯಾಗ ಔಷಧದ ಗುಣ ಹೆಚ್ಚಾಗ್ತದಂತ. ಮಗ ಮೊಬೈಲಿನ್ಯಾಗ ಓದಿ ಹೇಳ್ಯಾನ. ಖರೇನ್ರಿ? ಖರೆ ಇದ್ರ ಈ ಸಲ ಮಿರಗ ಬಿಟ್ಟು ಪುಷ್ಯದ ಮಳಿಗೆ ಬಿತ್ತೂಣು ಅಂತ ಮಾಡೇವಿ."

"ಹೊಲ ಎಷ್ಟು ಇದೆ ತಾಯಿ?" ಎಂದು ಕೇಳಿದೆ. "ಎಲ್ಲಾ ಕೂಡಿ ನಾಕ ಎಕರೆ" ಎಂದರು.

ಸಂತೆಯ ಗದ್ದಲದಲ್ಲಿ ಅರ್ಧ ಉತ್ತರ ಕೊಟ್ಟು ಬಂದೆ. ಪೂರ್ತಿ ಉತ್ತರವನ್ನು ಇಂದು ನಿಮ್ಮೆಲ್ಲರ ಎದುರಿಗೆ ಹೇಳಬೇಕೆಂದಿದ್ದೇನೆ. ಏಕೆಂದರೆ ಮಗ ಓದಿ ಹೇಳಿದ ಮಾತು ಸುಳ್ಳಲ್ಲ. ಅದು ನಿಜವಾದ ಸಂಶೋಧನೆಯಿಂದ ಹೊರಟ ಮಾತು. ಆದರೆ ಬೇರೊಂದು ಸೀಮೆಯಲ್ಲಿ ನಿಜವಾದ ಮಾತು ನಮ್ಮ ಹೊಲಕ್ಕೆ ಬರುವಾಗ ಏನಾಗುತ್ತದೆ ಎಂಬುದನ್ನು ನೋಡದೆ ನಾಲ್ಕು ಎಕರೆಯನ್ನು ಅದರ ಮೇಲೆ ಇಡುವುದು ಸರಿಯಲ್ಲ. ಇಲಾಖೆಯ ಕರಪತ್ರ ನಮಗೆ ಮರಾಠಿಯಲ್ಲಿ ಬರುತ್ತದೆ, ಸಂಶೋಧನೆಯ ಲೇಖನ ಇಂಗ್ಲಿಷಿನಲ್ಲಿ ಇರುತ್ತದೆ. ನಾವು ಮನೆಯಲ್ಲಿ ಮಾತಾಡುವ ಕನ್ನಡದಲ್ಲಿ ಈ ಲೆಕ್ಕವನ್ನು ಒಮ್ಮೆ ಬಿಡಿಸಿ ನೋಡೋಣ.

ಮೊದಲು ಕಾಳಿನೊಳಗೆ ಏನಿದೆ ಎಂಬುದನ್ನು ಕೇಳಿರಿ. ಸೋಯಾ ಕಾಳಿನ ತೂಕದಲ್ಲಿ ನೂರಕ್ಕೆ ಸುಮಾರು 40ರಷ್ಟು ಪ್ರೋಟೀನು, ಸುಮಾರು 20ರಷ್ಟು ಎಣ್ಣೆ. ಇದು ನಿಮಗೆಲ್ಲ ಗೊತ್ತಿರುವುದೇ. ಇವಲ್ಲದೆ ಅತ್ಯಲ್ಪ ಪ್ರಮಾಣದಲ್ಲಿರುವ ಕೆಲವು ವಸ್ತುಗಳಿವೆ. ಅವುಗಳಲ್ಲಿ ಹೆಚ್ಚು ಹೆಸರಾದದ್ದು ಐಸೋಫ್ಲೇವೋನ್ ಎಂಬ ಗುಂಪು. ಜೆನಿಸ್ಟೀನ್, ಡೈಡ್ಜೀನ್, ಗ್ಲೈಸಿಟೀನ್ ಎಂಬ ಮೂರು ಅದರ ಮುಖ್ಯ ಸದಸ್ಯರು. ಒಂದು ಗ್ರಾಂ ಕಾಳಿನಲ್ಲಿ ಈ ಎಲ್ಲವೂ ಕೂಡಿ ಸಾಮಾನ್ಯವಾಗಿ 1ರಿಂದ 3 ಮಿಲಿಗ್ರಾಂ, ಕೆಲವು ತಳಿಗಳಲ್ಲಿ ಅದಕ್ಕೂ ಕಡಿಮೆ.

ಗಿಡ ಇದನ್ನು ನಮಗಾಗಿ ಮಾಡುವುದಿಲ್ಲ, ತನಗಾಗಿ ಮಾಡಿಕೊಳ್ಳುತ್ತದೆ. ಬೇರಿನಿಂದ ಈ ವಸ್ತು ಮಣ್ಣಿಗೆ ಒಸರಿದಾಗ ಅದನ್ನು ಗುರುತಿಸಿ ರೈಜೋಬಿಯಂ ಜಾತಿಯ ಜೀವಾಣುಗಳು ಬಂದು ಬೇರಿನಲ್ಲಿ ಗಂಟು ಕಟ್ಟುತ್ತವೆ. ನೀವು ಬೀಜಕ್ಕೆ ಜೀವಾಣು ಗೊಬ್ಬರ ಲೇಪಿಸಿದಾಗ ಆ ಜೀವಾಣುವನ್ನು ಕರೆಯುವ ದನಿ ಇದೇ ವಸ್ತುವಿನದು. ಬೂಷ್ಟು ರೋಗ ತಗಲಿದಾಗಲೂ ಗಿಡ ಡೈಡ್ಜೀನಿನಿಂದ ಒಂದು ಪ್ರತಿವಿಷವನ್ನು ತಯಾರಿಸಿಕೊಳ್ಳುತ್ತದೆ.

ಮನುಷ್ಯನ ದೇಹದಲ್ಲಿ ಐಸೋಫ್ಲೇವೋನು ಸ್ತ್ರೀಯರ ಈಸ್ಟ್ರೋಜನ್ ರಸದೂತವನ್ನು ಸ್ವಲ್ಪ ಮಟ್ಟಿಗೆ ಹೋಲುವಂತೆ ಕೆಲಸ ಮಾಡುತ್ತದೆ. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಮೈ ಭಗ್ಗೆಂದು ಬೆವರುವ ತೊಂದರೆ ಇದರಿಂದ ಕೆಲವರಿಗೆ ತುಸು ಕಡಿಮೆಯಾಗುತ್ತದೆ. ಆದರೆ ಇದನ್ನು ಸಂಜೀವಿನಿ ಎಂದು ತಿಳಿಯಬೇಡಿ. 1999ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು, ದಿನಕ್ಕೆ 25 ಗ್ರಾಂ ಸೋಯಾ ಪ್ರೋಟೀನು ಹೃದಯಕ್ಕೆ ಒಳ್ಳೆಯದೆಂದು ಪೊಟ್ಟಣದ ಮೇಲೆ ಬರೆಯಲು ಅನುಮತಿ ಕೊಟ್ಟಿತು. ಅದೇ ಆಡಳಿತ 2017ರಲ್ಲಿ, ಸಿಕ್ಕ ಪುರಾವೆ ಅಷ್ಟು ಗಟ್ಟಿಯಾಗಿಲ್ಲವೆಂದು ಆ ಅನುಮತಿಯನ್ನು ಹಿಂತೆಗೆಯುವ ಪ್ರಸ್ತಾಪ ಮಾಡಿತು. ಆದ್ದರಿಂದ ಸೋಯಾ ಒಳ್ಳೆಯ ಆಹಾರ ಎನ್ನುವುದು ಸರಿಯಾದ ಮಾತು. ಔಷಧ ಎನ್ನುವುದು ಅಳತೆ ಮೀರಿದ ಮಾತು.

ಇನ್ನು ಬಿತ್ತಿದ ದಿನಕ್ಕೂ ಈ ವಸ್ತುವಿಗೂ ಏನು ಸಂಬಂಧ? ಅದಕ್ಕೆ ಮೊದಲು ನನ್ನದೇ ಒಂದು ಪೆಟ್ಟಿನ ಕಥೆ ಹೇಳಬೇಕು.

ಕೆಲವು ವರ್ಷಗಳ ಹಿಂದೆ ಮಿರಗ ಕೂಡಿದ ಮೂರನೆಯ ದಿನಕ್ಕೇ ಒಂದು ಮಳೆ ಬಂತು. ನೆಲದ ವಾಸನೆ ಮೂಗಿಗೆ ಬಂದೊಡನೆ ನನಗೆ ತಡೆಯಲಾಗಲಿಲ್ಲ. ಎಷ್ಟು ಆಳಕ್ಕೆ ಹಸಿ ಇಳಿದಿದೆ ಎಂದು ಅಗೆದು ನೋಡದೆ ಕೂರಿಗೆ ಹೂಡಿದೆ. ಆಮೇಲೆ ಹದಿನಾಲ್ಕು ದಿನ ಮೋಡ ಬಂತು, ಗಾಳಿ ಬಂತು, ಮಳೆ ಬರಲಿಲ್ಲ. ಹೊಲದ ತಗ್ಗಿನ ಭಾಗದಲ್ಲಿ ಮಾತ್ರ ಬೀಜ ಎದ್ದಿತು. ದಿಬ್ಬದ ಭಾಗದಲ್ಲಿ ಮಣ್ಣೊಳಗೇ ಕೊಳೆತಿತ್ತು. ನಮ್ಮ ಸೀಮೆಯಲ್ಲಿ ಇದಕ್ಕೆ ದುಬಾರ ಬಿತ್ತಿಗೆ ಎನ್ನುತ್ತೇವೆ. ಮತ್ತೆ ಬೀಜದ ಚೀಲ, ಮತ್ತೆ ಗೊಬ್ಬರ, ಮತ್ತೆ ಕೂಲಿ. ದಿಬ್ಬದ ಭಾಗವನ್ನು ಪುನರ್ವಸು ಮಳೆಗೆ ಎರಡನೆಯ ಸಲ ಬಿತ್ತಿದೆ. ಎರಡೂ ಬಿತ್ತಿಗೆಗಳ ನಡುವೆ 25 ದಿನದ ಅಂತರ.

ಹಣ ಹೋಯಿತು. ಆದರೆ ಆ ವರ್ಷ ಒಂದೇ ಹೊಲದಲ್ಲಿ ಒಂದೇ ತಳಿಯ ಎರಡು ಬೆಳೆ ಅಕ್ಕಪಕ್ಕ ನಿಂತಿದ್ದವು, ಅವು ನನಗೆ ಒಂದು ಪಾಠ ಹೇಳಿದವು. ಬಿತ್ತಿದ್ದು 25 ದಿನ ಹಿಂದೆ ಮುಂದೆ. ಹೂ ಬಿಡುವಾಗ ಅಂತರ ಅಷ್ಟಿರಲಿಲ್ಲ. ಕೊಯ್ಲಿಗೆ ಬಂದಾಗ ಇನ್ನೂ ಕಡಿಮೆಯಾಗಿತ್ತು. ತಡವಾಗಿ ಬಿತ್ತಿದ ಗಿಡ ಎತ್ತರ ಬೆಳೆಯದೆ, ಕೊಂಬೆ ಒಡೆಯದೆ, ಅವಸರ ಮಾಡಿ ಹೂ ಬಿಟ್ಟಿತು.

ಈ ಅವಸರಕ್ಕೆ ಕಾರಣ ತಿಳಿದು ಒಂದು ನೂರು ವರ್ಷ ದಾಟಿದೆ. ಅಮೆರಿಕದ ಕೃಷಿ ಇಲಾಖೆಯಲ್ಲಿ ಗಾರ್ನರ್ ಮತ್ತು ಅಲ್ಲಾರ್ಡ್ ಎಂಬ ಇಬ್ಬರು ವಿಜ್ಞಾನಿಗಳಿದ್ದರು. ಅವರು ಬಿಲಾಕ್ಸಿ ಎಂಬ ಸೋಯಾ ತಳಿಯನ್ನು ವಾರಗಟ್ಟಲೆ ಅಂತರ ಬಿಟ್ಟು ಬಿತ್ತಿ ನೋಡಿದರು. ಮೊದಲು ಬಿತ್ತಿದ್ದೂ ಕೊನೆಗೆ ಬಿತ್ತಿದ್ದೂ ಸೆಪ್ಟೆಂಬರ್ ಹೊತ್ತಿಗೆ ಹೆಚ್ಚುಕಡಿಮೆ ಒಟ್ಟಿಗೇ ಹೂ ಬಿಟ್ಟವು. ಗಿಡ ತನ್ನ ವಯಸ್ಸನ್ನಲ್ಲ, ಹಗಲಿನ ಉದ್ದವನ್ನು ಎಣಿಸುತ್ತದೆ, ಹಗಲು ಮೊಟಕಾಗಿ ರಾತ್ರಿ ಉದ್ದವಾದಾಗ ಹೂ ಬಿಡುತ್ತದೆ ಎಂದು ಅವರು 1920ರಲ್ಲಿ ಪ್ರಕಟಿಸಿದರು. ನಾವು ಇಂದು ಬಿತ್ತುವ ತಳಿಗಳು ಬಿಲಾಕ್ಸಿಯಷ್ಟು ಹಟಮಾರಿಗಳಲ್ಲ. ಆದರೂ ಆ ಗುಣ ಸ್ವಲ್ಪ ಉಳಿದಿದೆ. ನನ್ನ ದಿಬ್ಬದ ಹೊಲದಲ್ಲಿ ಕಂಡದ್ದು ಅದೇ.

ಇದರಿಂದ ಒಂದು ಮಾತು ಗಟ್ಟಿಯಾಯಿತು. ಬಿತ್ತುವ ದಿನವನ್ನು ನೀವು ಆರಿಸಿಕೊಂಡಾಗ ಮೊಳಕೆಗೆ ಬರುವ ಮಳೆಯನ್ನಷ್ಟೇ ಆರಿಸಿಕೊಳ್ಳುವುದಿಲ್ಲ. ಎರಡು ತಿಂಗಳ ಮೇಲೆ ಕಾಯಿಯೊಳಗೆ ಕಾಳು ತುಂಬುವಾಗ ಯಾವ ಬಿಸಿಲು, ಯಾವ ತಂಪು, ಯಾವ ಹಸಿ ಇರಬೇಕು ಎಂಬುದನ್ನೂ ಅಂದೇ ಆರಿಸಿಕೊಳ್ಳುತ್ತೀರಿ. ಐಸೋಫ್ಲೇವೋನಿನ ಹೆಚ್ಚಿನ ಪಾಲು ಕಾಳಿಗೆ ಸೇರುವುದು ಕಾಳು ತುಂಬುವ ಕೊನೆಯ ವಾರಗಳಲ್ಲಿ. ಆ ವಾರಗಳ ಹವೆಯೇ ಕಾಳಿನ ಗುಣವನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ.

ಈಗ ಮಗ ಮೊಬೈಲಿನಲ್ಲಿ ಓದಿದ ಮಾತಿಗೆ ಬರೋಣ. 1995ರಲ್ಲಿ ಜಪಾನಿನ ತ್ಸುಕಮೊಟೊ ಮತ್ತು ಸಂಗಡಿಗರು ಒಂದು ಸಂಶೋಧನೆ ಪ್ರಕಟಿಸಿದರು. ಬೇಗ ಬಿತ್ತಿದ ಸೋಯಾದಲ್ಲಿ ಐಸೋಫ್ಲೇವೋನು ಕಡಿಮೆ, ತಡವಾಗಿ ಬಿತ್ತಿದ್ದರಲ್ಲಿ ಹೆಚ್ಚು ಎಂದು ಅವರು ಕಂಡರು. ಇದು ಬಿಸಿಯ ಕಾರಣವೇ ಎಂದು ತಿಳಿಯಲು ಉಷ್ಣತೆಯನ್ನು ಹಿಡಿತದಲ್ಲಿಟ್ಟ ಕೋಣೆಗಳಲ್ಲಿಯೂ ಗಿಡ ಬೆಳೆಸಿ ನೋಡಿದರು. ಕಾಳು ತುಂಬುವಾಗ ಬಿಸಿ ಹೆಚ್ಚಿದ್ದರೆ ಐಸೋಫ್ಲೇವೋನು ಇಳಿಯಿತು. ಅದರಲ್ಲೂ ಒಂದು ವಿಶೇಷ ಕಂಡಿತು. ಎರಡು ಬೇಳೆಗಳಲ್ಲಿ ಅದು ಬಹಳ ಇಳಿದರೂ, ಬೇಳೆಗಳ ನಡುವೆ ಮೂಗಿನ ಹಾಗೆ ಇರುವ ಮೊಳಕೆಯ ಭಾಗದಲ್ಲಿ ಹೆಚ್ಚಾಗಿಯೇ ಉಳಿದಿತ್ತು. ತನ್ನ ಮುಂದಿನ ಪೀಳಿಗೆಯ ಮೊಳಕೆಗೆ ಬೇಕಾದದ್ದನ್ನು ಗಿಡ ಕಷ್ಟದಲ್ಲೂ ಬಿಟ್ಟುಕೊಡುವುದಿಲ್ಲ ಎಂದಾಯಿತು.

ಹತ್ತು ವರ್ಷದ ಮೇಲೆ, 2005ರಲ್ಲಿ, ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು ಇದಕ್ಕೆ ಲೆಕ್ಕವನ್ನೂ ಕೊಟ್ಟರು. ಕಾಳು ತುಂಬುವಾಗ 18 ಡಿಗ್ರಿ ಇದ್ದ ಗಿಡಕ್ಕೆ ಹೋಲಿಸಿದರೆ, 5 ಡಿಗ್ರಿ ಹೆಚ್ಚು ಬಿಸಿಯಲ್ಲಿ ಒಟ್ಟು ಐಸೋಫ್ಲೇವೋನು ನೂರಕ್ಕೆ ಸುಮಾರು 65ರಷ್ಟು ಇಳಿಯಿತು. ಇನ್ನೂ 5 ಡಿಗ್ರಿ ಏರಿಸಿದಾಗ ನೂರಕ್ಕೆ ಸುಮಾರು 90ರಷ್ಟು ಇಳಿಯಿತು. ಇಷ್ಟು ದೊಡ್ಡ ಇಳಿತವನ್ನು ಕಂಡವರು "ತಂಪಿನಲ್ಲಿ ಕಾಳು ತುಂಬುವಂತೆ ಬಿತ್ತಿರಿ" ಎಂದರೆ ಆಶ್ಚರ್ಯವಿಲ್ಲ.

ಆದರೆ ಬಾಂಧವರೇ, ಕಾಳಿನಲ್ಲಿ ಒಳ್ಳೆಯ ವಸ್ತು ಇದೊಂದೇ ಅಲ್ಲ. ಇಲ್ಲಿಂದ ಮುಂದಿನ ಮಾತು ಮೊಬೈಲಿನಲ್ಲಿ ಬಂದಿರಲಾರದು.

ಸೋಯಾದಲ್ಲಿ ಟೋಕೋಫೆರಾಲ್ ಎಂಬ ವಸ್ತುಗಳಿವೆ. 'ಇ' ಜೀವಸತ್ವ ಎಂದು ಕರೆಯುವುದು ಇವುಗಳನ್ನೇ. ಇವುಗಳಲ್ಲಿ ನಮ್ಮ ದೇಹ ಚೆನ್ನಾಗಿ ಬಳಸಿಕೊಳ್ಳುವುದು ಆಲ್ಫಾ ಟೋಕೋಫೆರಾಲನ್ನು. 2002ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಸಂಶೋಧನೆಯ ಪ್ರಕಾರ, ಕಾಳು ಬಲಿಯುವಾಗ ಬಿಸಿ ಅಥವಾ ನೀರಿನ ಕೊರತೆ ಇದ್ದರೆ ಈ ಆಲ್ಫಾ ಟೋಕೋಫೆರಾಲ್ ಹೆಚ್ಚುತ್ತದೆ. ಅಂದರೆ ಐಸೋಫ್ಲೇವೋನಿಗೆ ಸರಿ ಉಲ್ಟಾ.

ಎಣ್ಣೆಯ ಗುಣವೂ ಹೀಗೆಯೇ ಬದಲಾಗುತ್ತದೆ. ತಂಪಿನಲ್ಲಿ ತುಂಬಿದ ಕಾಳಿನ ಎಣ್ಣೆಯಲ್ಲಿ ಲಿನೋಲೆನಿಕ್ ಆಮ್ಲ ಹೆಚ್ಚು. ಮೀನಿನ ಎಣ್ಣೆ, ಅಗಸಿಯ ಎಣ್ಣೆಯ ಬಗೆಗೆ ಮಾತಾಡುವಾಗ ಒಮೇಗಾ-3 ಎನ್ನುತ್ತಾರಲ್ಲ, ಆ ಕುಲದ್ದು ಇದು. ದೇಹಕ್ಕೆ ಒಳ್ಳೆಯದು, ಆದರೆ ಎಣ್ಣೆ ಬೇಗ ಮುಗ್ಗುವುದಕ್ಕೂ ಇದೇ ಕಾರಣ. ಬಿಸಿಯಲ್ಲಿ ತುಂಬಿದ ಕಾಳಿನ ಎಣ್ಣೆಯಲ್ಲಿ ಓಲಿಯಿಕ್ ಆಮ್ಲ ಹೆಚ್ಚು. ಅದು ಕಾಯಿಸುವುದಕ್ಕೂ ಇಡುವುದಕ್ಕೂ ಅನುಕೂಲ. ಹೀಗೆ ತಕ್ಕಡಿಯ ಒಂದು ತಟ್ಟೆ ಏರಿದರೆ ಇನ್ನೊಂದು ಇಳಿಯುತ್ತದೆ. ಎಲ್ಲ ಗುಣವೂ ಹೆಚ್ಚಾಗುವ ಒಂದು ಶುಭಮುಹೂರ್ತ ಯಾವ ಪಂಚಾಂಗದಲ್ಲೂ ಇಲ್ಲ.

ಇಷ್ಟು ತಿಳಿದ ಮೇಲೆ ಈ ಲೆಕ್ಕವನ್ನು ನಮ್ಮ ಹೊಲಕ್ಕೆ ತರೋಣ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ಮಳೆ ನಕ್ಷತ್ರಗಳಲ್ಲೇ ಎಣಿಸೋಣ.

ಜೆ.ಎಸ್. 335 ತಳಿ ನಿಮಗೆ ಗೊತ್ತು. ಜಬಲಪುರದಿಂದ ಬಂದದ್ದು, 1994ರಲ್ಲಿ ಬಿಡುಗಡೆಯಾದದ್ದು. ಹೆಚ್ಚುಕಡಿಮೆ ನೂರು ದಿನದ ಬೆಳೆ. ಇದನ್ನು ಮಿರಗದ ಕೊನೆಗೆ, ಅಂದರೆ ಜೂನ್ 20ರ ಸುಮಾರಿಗೆ ಬಿತ್ತಿದಿರಿ ಎನ್ನಿ. ಅರವತ್ತು ದಿನ ಕಳೆದು, ಮಘಿ ಮಳೆಯಲ್ಲಿ ಕಾಳು ತುಂಬಲು ಹಿಡಿಯುತ್ತದೆ. ಹುಬ್ಬಿ ಮಳೆಯಲ್ಲಿ, ಸೆಪ್ಟೆಂಬರ್ ನಡುವಿನ ಹೊತ್ತಿಗೆ, ತುಂಬಿ ಮುಗಿಯುತ್ತದೆ. ಅದನ್ನೇ ಪುಷ್ಯದ ಕೊನೆಗೆ, ಜುಲೈ ಮುಗಿಯುವಾಗ ಬಿತ್ತಿದರೆ ಕಾಳು ತುಂಬುವುದು ಹಸ್ತ, ಚಿತ್ತಿ ಮಳೆಗಳಲ್ಲಿ, ಅಕ್ಟೋಬರಿನಲ್ಲಿ.

ಈಗ ನೋಡಿ. ಟೋಕಿಯೊ ಹತ್ತಿರದ ಬಯಲಿನಲ್ಲಿ ಆಗಸ್ಟ್‌ನಿಂದ ಅಕ್ಟೋಬರಿಗೆ ಬರುವಾಗ ಸರಾಸರಿ ಉಷ್ಣತೆ ಸುಮಾರು 10 ಡಿಗ್ರಿ ಇಳಿಯುತ್ತದೆ. ಆ ಹತ್ತು ಡಿಗ್ರಿಯೇ ಅಲ್ಲಿಯ ಐಸೋಫ್ಲೇವೋನಿನ ಗುಟ್ಟು. ನಮ್ಮಲ್ಲಿ ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರ್ ಮೂರೂ ತಿಂಗಳ ಹಗಲು ರಾತ್ರಿ ಕೂಡಿದ ಸರಾಸರಿ ಹೆಚ್ಚುಕಡಿಮೆ 26 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಅಕ್ಟೋಬರಿನಲ್ಲಿ ರಾತ್ರಿ ತುಸು ತಂಪಾದರೆ ಹಗಲು ಅಷ್ಟೇ ಬಿಸಿಯಾಗುತ್ತದೆ. ನಿಜವಾದ ಚಳಿ ನಮಗೆ ಬರುವುದು ದೀಪಾವಳಿ ದಾಟಿದ ಮೇಲೆ. ಆಗ ಸೋಯಾ ಕಣಕ್ಕೆ ಬಂದಿರುತ್ತದೆ. ಹೀಗಾಗಿ ಮಿರಗ ಬಿಟ್ಟು ಪುಷ್ಯಕ್ಕೆ ಬಿತ್ತಿದರೂ ನಮಗೆ ಆ ತಂಪು ಸಿಗುವುದಿಲ್ಲ. ಜಪಾನಿನ ರೈತನಿಗೆ ತಡ ಮಾಡಿದ್ದಕ್ಕೆ ಸಿಕ್ಕ ಫಲ ನಮಗೆ ಸಿಗದು.

ಹಾಗಾದರೆ ನಮ್ಮಲ್ಲಿ ಬಿತ್ತಿದ ದಿನ ಬದಲಾದರೆ ಏನು ಬದಲಾಗುತ್ತದೆ? ನೀರು ಬದಲಾಗುತ್ತದೆ. ನಮ್ಮ ಸೊಲ್ಲಾಪುರ ಸೀಮೆಯಲ್ಲಿ ವರ್ಷದಲ್ಲಿ ಹೆಚ್ಚಿನ ಮಳೆ ಬರುವುದು ಸೆಪ್ಟೆಂಬರಿನಲ್ಲಿ. ಅಕ್ಟೋಬರಿನ ನಡುವಿಗೆ ಮಳೆಗಾಲ ಹಿಂದೆ ಸರಿಯುತ್ತದೆ. ಮಿರಗ, ಆದ್ರಿಯಲ್ಲಿ ಬಿತ್ತಿದ ಬೆಳೆಗೆ ಕಾಳು ತುಂಬುವಾಗ ಹುಬ್ಬಿ, ಉತ್ತರಿ ಮಳೆಗಳ ಆಸರೆ ಇರುತ್ತದೆ. ಪುಷ್ಯಕ್ಕೆ ಬಿತ್ತಿದ ಬೆಳೆಗೆ ಕಾಳು ತುಂಬುವ ಹೊತ್ತಿಗೆ ಮೇಲಿನ ನೀರು ನಿಂತಿರುತ್ತದೆ. ಆಳವಾದ ಎರೆ ಭೂಮಿಯಾದರೆ ಒಳಗಿನ ಹಸಿಯಲ್ಲಿ ಹೇಗೋ ದಾಟೀತು. ಕಲ್ಲುಮಿಶ್ರಿತ ಹಗುರ ಭೂಮಿಯಾದರೆ ಕಾಳು ಜೊಳ್ಳಾಗುತ್ತದೆ.

ಇಲ್ಲಿಯೂ ಸಂಶೋಧನೆ ಒಂದು ಮಾತು ಹೇಳಿದೆ. 2004ರಲ್ಲಿ ಪ್ರಕಟವಾದ, ಅಮೆರಿಕದ ಮಿಸಿಸಿಪ್ಪಿ ಸೀಮೆಯ ಹೊಲಗಳಲ್ಲಿ ಮಾಡಿದ ಪ್ರಯೋಗದಲ್ಲಿ, ನೀರು ಹಾಯಿಸಿದ ಸೋಯಾದಲ್ಲಿ ಐಸೋಫ್ಲೇವೋನು ಗಣನೀಯವಾಗಿ ಹೆಚ್ಚಿತು. ಕೆಲವೆಡೆ ನೀರಿಲ್ಲದ ಬೆಳೆಯ ಎರಡು ಪಟ್ಟಿಗೂ ಮೀರಿತು. ಮಿಸಿಸಿಪ್ಪಿ ಕೂಡ ನಮ್ಮ ಹಾಗೆ ಬಿಸಿ ಸೀಮೆ. ಆದ್ದರಿಂದ ನಮಗೆ ಜಪಾನಿನ ಪಾಠಕ್ಕಿಂತ ಈ ಪಾಠ ಹತ್ತಿರ. ಬಿಸಿಯನ್ನು ನಾವು ಇಳಿಸಲಾರೆವು. ಬಾವಿಯಲ್ಲಿ, ಕೃಷಿಹೊಂಡದಲ್ಲಿ ನೀರಿದ್ದರೆ ಕಾಳು ತುಂಬುವಾಗ ಒಂದು ಸಲ ಕೊಡಬಲ್ಲೆವು. ಅದರಿಂದ ಇಳುವರಿಯೂ ಉಳಿಯುತ್ತದೆ, ಗುಣವೂ ಉಳಿಯುತ್ತದೆ. ಒಂದೇ ನೀರಿಗೆ ಎರಡು ಲಾಭ.

ತಡ ಮಾಡಿದರೆ ಆಗುವ ನಷ್ಟ ಇನ್ನೂ ಒಂದಿದೆ, ಅದೇ ದೊಡ್ಡದು. ನಮ್ಮದು ಹಿಂಗಾರಿ ಜೋಳದ ಸೀಮೆ. ನಮ್ಮ ಅಜ್ಜಂದಿರು ಸೋಯಾವನ್ನು ಕಂಡವರಲ್ಲ. ಅವರ ಲೆಕ್ಕವೆಲ್ಲ ಉತ್ತರಿ, ಹಸ್ತ ಮಳೆಗೆ ಜೋಳ ಬಿತ್ತುವುದರ ಮೇಲೆ ನಿಂತಿತ್ತು. ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ನಡುವಿನವರೆಗೆ ಜೋಳದ ಬಿತ್ತಿಗೆಯ ಕಾಲ. ಜೂನ್ 20ಕ್ಕೆ ಬಿತ್ತಿದ ಸೋಯಾ ಸೆಪ್ಟೆಂಬರ್ ಕೊನೆಗೆ ಹೊಲ ಬಿಡುತ್ತದೆ. ರಾಶಿ ಮುಗಿಸಿ, ಹರಗಿ, ಅದೇ ಹಸಿಯ ಮೇಲೆ ಜೋಳವನ್ನೋ ಕಡಲೆಯನ್ನೋ ಬಿತ್ತಬಹುದು. ಜುಲೈ ಕೊನೆಗೆ ಬಿತ್ತಿದ ಸೋಯಾ ನವೆಂಬರ್ ಬಂದರೂ ಹೊಲದಲ್ಲೇ ನಿಂತಿರುತ್ತದೆ. ಆಗ ಆ ವರ್ಷದ ಜೋಳ ಹೋಯಿತು ಎಂದೇ ತಿಳಿಯಿರಿ. ಜೋಳ ಹೋಯಿತೆಂದರೆ ಮನೆಯ ರೊಟ್ಟಿ ಹೋಯಿತು, ದನಗಳ ಕಣಿಕೆಯೂ ಹೋಯಿತು.

ಇಷ್ಟು ಕಳೆದುಕೊಂಡು ಐಸೋಫ್ಲೇವೋನು ನಾಲ್ಕಾಣೆ ಹೆಚ್ಚಾಯಿತು ಎಂದೇ ಇಟ್ಟುಕೊಳ್ಳಿ. ಅದು ಯಾರಿಗೆ ಹೋಗುತ್ತದೆ? ನಿಮ್ಮ ಚೀಲ ಅಡತಿ ಅಂಗಡಿಗೆ ಹೋಗುತ್ತದೆ. ಅಲ್ಲಿ ಕಾಳನ್ನು ಕೈಯಲ್ಲಿ ಹಿಡಿದು ನೋಡುವುದು ಹಸಿ ಎಷ್ಟಿದೆ, ಕಸ ಎಷ್ಟಿದೆ, ಒಡಕು ಕಾಳು ಎಷ್ಟಿದೆ ಎಂಬುದನ್ನು. ಐಸೋಫ್ಲೇವೋನು ಎಷ್ಟಿದೆ ಎಂದು ಕೇಳಿ ದರ ಏರಿಸಿದ ದಲಾಲರನ್ನು ನಾನು ಕಂಡಿಲ್ಲ, ನೀವೂ ಕಂಡಿರಲಾರಿರಿ. ಅಲ್ಲಿಂದ ಲಾರಿ ಲಾತೂರಿನಂಥ ಕಡೆಯ ಎಣ್ಣೆ ಗಿರಣಿಗೆ ಹೋಗುತ್ತದೆ. ಎಣ್ಣೆ ತೆಗೆದಾಗ ಐಸೋಫ್ಲೇವೋನು ಎಣ್ಣೆಯಲ್ಲಿ ಬರುವುದಿಲ್ಲ, ಹಿಂಡಿಯಲ್ಲೇ ಉಳಿಯುತ್ತದೆ. ಆ ಹಿಂಡಿಯ ದೊಡ್ಡ ಪಾಲು ಹೋಗುವುದು ಕೋಳಿಯ ಆಹಾರಕ್ಕೆ. ಅಂದರೆ ನೀವು ನಿಮ್ಮ ರೊಟ್ಟಿ ಬಿಟ್ಟು ಬೆಳೆದ ಔಷಧಗುಣ ಕೋಳಿಯ ಹೊಟ್ಟೆ ಸೇರಿತು. ನಮ್ಮ ಮನೆಗೆ ಅದೇ ಸೋಯಾ ಪ್ಯಾಕೆಟ್ಟಿನ ಎಣ್ಣೆಯಾಗಿ ಮಾತ್ರ ಹಿಂತಿರುಗಿ ಬಂತು.

ಆದ್ದರಿಂದ ಮೊದಲು ಮಾಡಬೇಕಾದ್ದು ಬಿತ್ತುವ ದಿನ ಬದಲಿಸುವುದಲ್ಲ. ಹತ್ತು ಹದಿನೈದು ಕಿಲೋ ಕಾಳನ್ನು ಮನೆಗೆ ಉಳಿಸಿಕೊಳ್ಳುವುದು. ಬಿತ್ತಿಗೆಯ ಸಲುವಾಗಿ ಔಷಧ ಲೇಪಿಸಿದ ಬೀಜವನ್ನು ಮಾತ್ರ ಅಡುಗೆಮನೆಯ ಹತ್ತಿರಕ್ಕೂ ತರಬೇಡಿ.

ತಾಯಂದಿರು ಇದನ್ನು ಗಮನಿಸಿ. ಹಸಿ ಸೋಯಾ ಕಾಳಿನಲ್ಲಿ ಪ್ರೋಟೀನನ್ನು ಅರಗಗೊಡದ ಒಂದು ವಸ್ತುವಿದೆ. ಟ್ರಿಪ್ಸಿನ್ ತಡೆಕ ಎನ್ನುತ್ತಾರೆ. ಬೇಯಿಸಿದರೆ ಅದರ ಕಾಟ ಬಹುಪಾಲು ಹೋಗುತ್ತದೆ. ಆದ್ದರಿಂದ ಸೋಯಾವನ್ನು ಹಾಗೆಯೇ ಬೀಸಿ ಹಿಟ್ಟು ಮಾಡಬಾರದು. ಕಾಳನ್ನು ತೊಳೆದು, ಕುದಿಯುವ ನೀರಿಗೆ ಹಾಕಿ ಅರ್ಧ ತಾಸು ಕುದಿಸಿ, ಬಸಿದು, ಚೆನ್ನಾಗಿ ಒಣಗಿಸಿ. ಒಂಬತ್ತು ಕಿಲೋ ಜೋಳ ಅಥವಾ ಗೋಧಿಗೆ ಒಂದು ಕಿಲೋ ಇಂಥ ಸೋಯಾ ಕೂಡಿಸಿ ಬೀಸಿಸಿ. ರೊಟ್ಟಿಯ ರುಚಿ ಕೆಡುವುದಿಲ್ಲ, ಮಕ್ಕಳಿಗೆ ಪ್ರೋಟೀನು ಸಿಗುತ್ತದೆ, ಐಸೋಫ್ಲೇವೋನಿನ ಬಹುಪಾಲು ಹಿಟ್ಟಿನಲ್ಲೇ ಉಳಿಯುತ್ತದೆ. ಬಸಿದ ನೀರಿನಲ್ಲಿ ಒಂದಷ್ಟು ಹೋಗುವುದು ಸಹಜ, ಅದಕ್ಕೆ ಕೊರಗಬೇಡಿ. ಥೈರಾಯ್ಡ್ ಗುಳಿಗೆ ನುಂಗುವವರು ಗುಳಿಗೆಗೂ ಸೋಯಾ ಊಟಕ್ಕೂ ನಡುವೆ ಕೆಲವು ತಾಸು ಬಿಡಬೇಕು. ಸ್ತನದ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿರುವವರು ಐಸೋಫ್ಲೇವೋನಿನ ಗುಳಿಗೆ, ಪುಡಿ ಎಂದು ಮಾರುವುದನ್ನು ವೈದ್ಯರನ್ನು ಕೇಳದೆ ಮುಟ್ಟಬಾರದು.

ಇನ್ನು ಹೊಲದ ಕೆಲಸಕ್ಕೆ ನಾಲ್ಕು ಮಾತು ಹೇಳಿ ಮುಗಿಸುತ್ತೇನೆ.

ಮೊದಲನೆಯದು, 75ರಿಂದ 100 ಮಿಲಿಮೀಟರ್ ಮಳೆ ಆಗುವವರೆಗೆ ಕೂರಿಗೆ ಹೂಡಬೇಡಿ. ಮಳೆಮಾಪಕ ಇಲ್ಲದಿದ್ದರೆ ಹೊಲದ ದಿಬ್ಬದ ಭಾಗದಲ್ಲಿ ಅಗೆದು ನೋಡಿ. ತಗ್ಗಿನಲ್ಲಿ ನೋಡಿ ಮೋಸಹೋಗಬೇಡಿ, ನಾನು ಹೋದದ್ದು ಸಾಕು. ಒಂದು ಗೇಣಿಗಿಂತ ಆಳಕ್ಕೆ ಹಸಿ ಇಳಿದಿರಬೇಕು. ಅಂಥ ಹದ ಮಿರಗದಲ್ಲಿ ಬಂದರೆ ಮಿರಗಕ್ಕೆ ಬಿತ್ತಿ, ಆದ್ರಿಯಲ್ಲಿ ಬಂದರೆ ಆದ್ರಿಗೆ ಬಿತ್ತಿ. ಜುಲೈ 15 ದಾಟಿತೆಂದರೆ ಸೋಯಾದ ಆಸೆ ಬಿಟ್ಟು ತೊಗರಿ, ಸಜ್ಜೆ, ಸೂರ್ಯಕಾಂತಿಯ ಕಡೆ ನೋಡುವುದು ಲೇಸು. ಹದಕ್ಕಾಗಿ ಕಾಯುವುದು ಬೇರೆ, ಗುಣಕ್ಕಾಗಿ ತಡ ಮಾಡುವುದು ಬೇರೆ. ಮೊದಲನೆಯದು ಜಾಣತನ.

ಎರಡನೆಯದು, ಸೋಯಾ ಬೀಜದ ಸಿಪ್ಪೆ ಬಲು ತೆಳು. ಚೀಲವನ್ನು ಎತ್ತಿ ಒಗೆದರೆ ಒಳಗಿನ ಮೊಳಕೆ ಸಾಯುತ್ತದೆ. ಬಿತ್ತುವ ಮೊದಲು ನೂರು ಕಾಳನ್ನು ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿಟ್ಟು ಎಣಿಸಿ. 70ಕ್ಕಿಂತ ಕಡಿಮೆ ಮೊಳೆತರೆ ಆ ಬೀಜ ಬೇಡ. ಒಂದೂವರೆ ಇಂಚಿಗಿಂತ ಆಳಕ್ಕೆ ಬೀಳಬಾರದು.

ಮೂರನೆಯದು ತಳಿ. ದಿನಾಂಕಕ್ಕಿಂತ ತಳಿಯ ಆಯ್ಕೆ ನಿಮ್ಮ ಕೈಯಲ್ಲಿ ಹೆಚ್ಚು ಇರುತ್ತದೆ. ಒಂದೇ ದಿನ, ಒಂದೇ ಹೊಲದಲ್ಲಿ ಬಿತ್ತಿದರೂ ಒಂದು ತಳಿಗಿಂತ ಇನ್ನೊಂದರಲ್ಲಿ ಐಸೋಫ್ಲೇವೋನು ಎಷ್ಟೋ ಹೆಚ್ಚಿರುತ್ತದೆ. ನಮಗೆ ಎರಡು ಕಡೆಯ ನೆರೆ ಇದೆ. ಸಾಂಗಲಿ ಹತ್ತಿರದ ಕಸಬೆ ಡಿಗ್ರಜ್ ಕೇಂದ್ರದಿಂದ ಬಂದ ಕೆ.ಡಿ.ಎಸ್. 726, ಅಂದರೆ ಫುಲೆ ಸಂಗಮ್, ಒಂದು ಕಡೆ. ತುಕ್ಕು ರೋಗ ತಾಳುವ ಧಾರವಾಡದ ಡಿ.ಎಸ್.ಬಿ. 21 ಇನ್ನೊಂದು ಕಡೆ. ಊಟಕ್ಕೆಂದೇ ಬೆಳೆಯುವವರಿಗೆ ಇಂದೂರಿನ ಸೋಯಾ ಸಂಶೋಧನ ಸಂಸ್ಥೆಯವರು ಹೊರತಂದ ಎನ್.ಆರ್.ಸಿ. 127 ಎಂಬ ತಳಿ ಇದೆ. ನಾನು ಆಗಲೇ ಹೇಳಿದ ಟ್ರಿಪ್ಸಿನ್ ತಡೆಕಗಳಲ್ಲಿ ಮುಖ್ಯವಾದ ಒಂದು ಅದರಲ್ಲಿ ಇಲ್ಲ. ಅದನ್ನು ಬಿಡುಗಡೆ ಮಾಡಿದ್ದು ಮಧ್ಯ ಭಾರತದ ಸೀಮೆಗೆ. ನಮ್ಮ ಕಡೆಗೆ ಹೊಂದುವುದೋ ಇಲ್ಲವೋ ಎಂದು ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ ತಿಳಿದು, ಮೊದಲು ನಾಲ್ಕು ಸಾಲು ಬಿತ್ತಿ ನೋಡಿ.

ನಾಲ್ಕನೆಯದು, ಎಲೆ ಉದುರಿ ಕಾಯಿ ಕಂದು ಬಣ್ಣಕ್ಕೆ ತಿರುಗಿದ ಮೇಲೆ ಕೊಯ್ಲು ಮುಂದೂಡಬೇಡಿ. ಬಲಿತ ಕಾಯಿ ಮಳೆಯಲ್ಲಿ ನೆನೆದರೆ ಕಾಳಿಗೆ ಬೂಷ್ಟು ಹಿಡಿಯುತ್ತದೆ, ಬಿತ್ತುವ ಶಕ್ತಿ ಹೋಗುತ್ತದೆ. ನೂರು ದಿನ ಕಾಪಾಡಿದ ಗುಣವನ್ನು ಮೂರು ದಿನದಲ್ಲಿ ಕಳೆಯಬಾರದು.

ಇತ್ತೀಚೆಗೆ ಕೆಲವರು ಬೀಜಕ್ಕಾಗಿ ಬೇಸಿಗೆ ಸೋಯಾ ಬೆಳೆಯುತ್ತಿದ್ದಾರೆ. ಜನವರಿ ಹೊತ್ತಿಗೆ ಬಿತ್ತಿದರೆ ಕಾಳು ತುಂಬುವುದು ಮಾರ್ಚ್ ಬಿಸಿಲಿನಲ್ಲಿ. ಮೇಲೆ ಹೇಳಿದ ಲೆಕ್ಕದಲ್ಲಿ ನೋಡಿದರೆ ಅದರಲ್ಲಿ ಐಸೋಫ್ಲೇವೋನು ಕಡಿಮೆ ಎಂದೇ ಎಣಿಸಬೇಕು. ಅದು ಬಿತ್ತುವ ಬೀಜವಾದ್ದರಿಂದ ಚಿಂತೆಯಿಲ್ಲ. ಊಟಕ್ಕೆ ಮಾತ್ರ ಮುಂಗಾರಿನ ಕಾಳನ್ನೇ ಇಟ್ಟುಕೊಳ್ಳಿ.

ಅಕ್ಕಲಕೋಟೆಯ ಸಂತೆಯಲ್ಲಿ ನನ್ನನ್ನು ನಿಲ್ಲಿಸಿದ ತಾಯಿ ಈ ಮಾತು ಕೇಳುತ್ತಿದ್ದರೆ ಅವರಿಗೆ ಕೊನೆಯದಾಗಿ ಹೇಳುವುದಿಷ್ಟು. ತಾಯಿ, ನಿಮ್ಮ ಮಗ ಓದಿದ್ದು ಖರೆ. ಓದುವುದನ್ನು ಬಿಡಬೇಡ ಎಂದು ಹೇಳಿ. ಓದಿದ ಮೇಲೆ "ಇದು ಯಾವ ಸೀಮೆಯ ಮಾತು? ಅಲ್ಲಿಯ ಹವೆ ಎಂಥದು?" ಎಂದು ಕೇಳುವ ಅಭ್ಯಾಸವನ್ನೂ ಮಾಡಿಕೊಳ್ಳಲಿ. ನಿಮ್ಮ ನಾಲ್ಕು ಎಕರೆಯನ್ನು ಹದ ನೋಡಿ ಮಿರಗ ಆದ್ರಿಯಲ್ಲೇ ಬಿತ್ತಿ. ಹುಬ್ಬಿ ಮಳೆ ಕೈಕೊಟ್ಟರೆ ಒಂದು ನೀರು ಕೊಡಿ. ಹಸ್ತದ ಹಸಿಗೆ ಜೋಳ ಬಿತ್ತಿ. ಹತ್ತು ಕಿಲೋ ಸೋಯಾ ಮನೆಗೆ ಇಟ್ಟುಕೊಳ್ಳಿ. ಆ ಜೋಳದ ಹಿಟ್ಟಿಗೆ ಈ ಸೋಯಾ ಬೆರೆತ ದಿನ, ಕಾಳಿನ ಗುಣ ನಿಮ್ಮ ಮನೆಯ ತಟ್ಟೆಗೆ ಬಂದಿರುತ್ತದೆ.